ಮೈಸೂರಿನ ಹವೆಯಲ್ಲಿ ಪೈಪ್ ತಂಬಾಕು: ದಿನಬಳಕೆಗೆ ಯಾವ ಮಿಶ್ರಣ?

ಪೈಪ್ ತಂಬಾಕಿನ ಗುಣದೋಷಗಳ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಚಳಿಯ ದೇಶಗಳವರು. ಅವರ ಮೆಚ್ಚುಗೆಯನ್ನು ನಂಬಿ ಡಬ್ಬಿ ತರಿಸಿಕೊಂಡರೆ, ಆಷಾಢದ ತೇವದಲ್ಲಿ ಒಂದು ರೀತಿ, ಶಿವರಾತ್ರಿ ಕಳೆದ ಮೇಲಿನ ಬಿಸಿಲಿನಲ್ಲಿ ಇನ್ನೊಂದು ರೀತಿ ವರ್ತಿಸುವ ನಮ್ಮ ಊರಿನ ಹವೆಯಲ್ಲಿ ಅದೇ ತಂಬಾಕು ಅದೇ ರುಚಿಯನ್ನು ಕೊಡುವುದಿಲ್ಲ. ಆದ್ದರಿಂದ ಈ ವಿಮರ್ಶೆಯಲ್ಲಿ ನಾನು ಮುಂದಿಟ್ಟುಕೊಂಡಿರುವ ಪ್ರಶ್ನೆ ಒಂದೇ: ಮೈಸೂರಿನ ಸಾಧಾರಣ ದಿನವೊಂದರಲ್ಲಿ, ಬೆಳಗಿನ ಕಾಫಿಯಾದ ಮೇಲೆ, ಮಧ್ಯಾಹ್ನದ ಊಟವಾದ ಮೇಲೆ, ಸಂಜೆ ಜಗಲಿಯಲ್ಲಿ ಕುಳಿತಾಗ, ಯಾವ ತಂಬಾಕು ನಾಲಿಗೆಗೆ ಹಿತವಾಗಿರುತ್ತದೆ, ಮನೆಯವರಿಗೆ ಸಹ್ಯವಾಗಿರುತ್ತದೆ, ಜೇಬಿಗೂ ತೀರ ಹೊರೆಯಾಗುವುದಿಲ್ಲ? ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಸುವಾಸನೆ ಬೆರೆಸದ ವರ್ಜೀನಿಯಾ ಫ್ಲೇಕ್, ಅಂದರೆ ಒತ್ತಿ ತೆಳ್ಳನೆಯ ಪಟ್ಟಿಗಳಾಗಿ ಕೊಯ್ದ ವರ್ಜೀನಿಯಾ ಎಲೆ, ನಮ್ಮ ದಿನಬಳಕೆಗೆ ಹೇಳಿ ಮಾಡಿಸಿದ್ದು. ಉಳಿದವುಗಳಲ್ಲಿ ಕೆಲವು ಋತುವಿಗೆ ತಕ್ಕವು, ಕೆಲವು ಬರೀ ಪಕ್ಕದಲ್ಲಿ ಕುಳಿತವರ ಮೂಗಿಗೆ ತಕ್ಕವು.

ಇದರ ಜೊತೆಗೆ ಹೇಳಲೇಬೇಕಾದ ಮಾತೊಂದಿದೆ. ಪೈಪಿನ ಹೊಗೆಯನ್ನು ಎದೆಗೆ ಎಳೆದುಕೊಳ್ಳುವ ರೂಢಿಯಿಲ್ಲವಾದ್ದರಿಂದ ಅದರಿಂದ ಅಪಾಯವಿಲ್ಲ ಎಂದು ತಿಳಿದವರು ಬಹಳ ಮಂದಿ ಇದ್ದಾರೆ. ಅದು ಸರಿಯಲ್ಲ. ನಿಕೋಟಿನ್ ಬಾಯಿಯ ಒಳಪೊರೆಯಿಂದಲೇ ರಕ್ತಕ್ಕೆ ಸೇರುತ್ತದೆ. ತುಟಿ, ನಾಲಿಗೆ, ಗಂಟಲಿನ ಕ್ಯಾನ್ಸರಿನ ಅಪಾಯ ಪೈಪ್ ಸೇದುವವರಿಗೂ ಇದ್ದೇ ಇದೆ. ಅಭ್ಯಾಸವಿಲ್ಲದವರು ಇದನ್ನು ಓದಿ ಪೈಪ್ ಹಿಡಿಯಬೇಕಾಗಿಲ್ಲ. ಕರ್ನಾಟಕದಲ್ಲಿ 2025ರಿಂದ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ 1,000 ರೂಪಾಯಿಯವರೆಗೆ ದಂಡವಿದೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೋ ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೋ ಪೈಪ್ ಹಚ್ಚುವ ಯೋಚನೆಯನ್ನೇ ಬಿಡಬೇಕು. ಹಾಗಾಗಿ ಇಲ್ಲಿ ಹೇಳುವುದೆಲ್ಲ ಸ್ವಂತ ಮನೆಯ ಜಗಲಿ, ತಾರಸಿ, ಹಿತ್ತಿಲಿಗೆ ಸಂಬಂಧಿಸಿದ್ದು.

ವರ್ಜೀನಿಯಾ ಎಂಬ ಹೆಸರು ಅಮೆರಿಕದ್ದಾದರೂ ಎಲೆ ನಮಗೆ ಪರಕೀಯವಲ್ಲ. ಮಡಿಕೇರಿ ರಸ್ತೆಯಲ್ಲಿ ಸುಮಾರು 45 ಕಿಲೋಮೀಟರ್ ಹೋದರೆ ಹುಣಸೂರು. ಅಲ್ಲಿ, ಆಚೆಯ ಪಿರಿಯಾಪಟ್ಟಣದಲ್ಲಿ, ಎಡಕ್ಕೆ ಹೆಗ್ಗಡದೇವನಕೋಟೆಯ ಕಡೆ ಮುಂಗಾರಿನಲ್ಲಿ ಬೆಳೆಯುವುದು ಇದೇ ಎಲೆ. ಸಸಿ ನೆಟ್ಟು, ಎಲೆ ಬಲಿತಂತೆಲ್ಲ ಬುಡದಿಂದ ಮೇಲಕ್ಕೆ ಎರಡು ಮೂರರಂತೆ ಮುರಿದು, ಕಡ್ಡಿಗಳಿಗೆ ಕಟ್ಟಿ ಬ್ಯಾರನ್ ಎಂಬ ಎಲೆ ಒಣಗಿಸುವ ಮನೆಯೊಳಗೆ ಸಾಲುಸಾಲಾಗಿ ತೂಗುಹಾಕುತ್ತಾರೆ. ಹೊರಗಿನ ಒಲೆಯಲ್ಲಿ ಸೌದೆ ಉರಿದ ಶಾಖ ಒಳಗಿನ ತಗಡಿನ ಕೊಳವೆಗಳಲ್ಲಿ ಹಾಯುತ್ತದೆಯೇ ಹೊರತು ಹೊಗೆ ಎಲೆಗೆ ಸೋಕುವುದಿಲ್ಲ. ಮೊದಲು 35 ಡಿಗ್ರಿಯ ಆಸುಪಾಸಿನ ತೇವಭರಿತ ಶಾಖದಲ್ಲಿ ಎಲೆ ಹಳದಿಗೆ ತಿರುಗುತ್ತದೆ. ಎಲೆಯೊಳಗಿನ ಪಿಷ್ಟ ಸಕ್ಕರೆಯಾಗುವುದು ಈ ಹಂತದಲ್ಲಿಯೇ. ಆಮೇಲೆ ಹಂತಹಂತವಾಗಿ ಶಾಖವನ್ನು ಏರಿಸಿ, ನಡುದಂಟು ಕೂಡ ಒಣಗುವಂತೆ ಕೊನೆಗೆ 70 ಡಿಗ್ರಿಯ ಹತ್ತಿರಕ್ಕೆ ತರುತ್ತಾರೆ. ಐದಾರು ದಿನದ ಈ ಕೆಲಸದಲ್ಲಿ ಒಲೆಯ ಮುಂದೆ ನಿದ್ದೆಗೆಡದ ರೈತನಿಲ್ಲ. ಹೀಗೆ ಹದಗೊಂಡ ಸೊಪ್ಪು ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗೆ ಬೇಲ್‌ಗಳಲ್ಲಿ ಬರುತ್ತದೆ. 1976ರಲ್ಲಿ ಆರಂಭವಾದ ಈ ಮಂಡಳಿಯ ಕೇಂದ್ರ ಕಚೇರಿ ಇರುವುದು ಗುಂಟೂರಿನಲ್ಲಿ. ಆದರೆ ಕರ್ನಾಟಕದ ಹಗುರ ಮಣ್ಣಿನ ಎಲೆಗೆ ಅದರದೇ ಆದ ಗಿರಾಕಿಗಳಿದ್ದಾರೆ. ಅದರ ರುಚಿ ತೀಕ್ಷ್ಣವಲ್ಲ, ಎಲ್ಲದರ ಜೊತೆಗೂ ಬೆರೆಯುವ ಗುಣದ್ದು. ಆ ಕಾರಣಕ್ಕೇ ಅದು ಹೆಚ್ಚಾಗಿ ಸಿಗರೇಟಿನ ಮಿಶ್ರಣಗಳಿಗೆ ಹೋಗುತ್ತದೆ.

ಈ ಸಂಗತಿಯನ್ನು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಹುಣಸೂರಿನ ಕಡೆ ನೆಂಟರಿರುವವರು ಒಂದು ಹಿಡಿ ಒಣ ಸೊಪ್ಪನ್ನು ತಂದು ಪುಡಿಮಾಡಿ ಪೈಪಿಗೆ ತುಂಬಿ ನೋಡುವುದುಂಟು. ನಾನೂ ನೋಡಿದ್ದೇನೆ. ಹೊಗೆ ತೆಳ್ಳಗೆ, ಚುರುಕಾಗಿ, ಗಂಟಲಿನ ಹಿಂಭಾಗಕ್ಕೆ ಕೆರೆದಂತೆ ಬರುತ್ತದೆ. ಎಲೆಯಲ್ಲಿ ದೋಷವಿಲ್ಲ, ಪೈಪಿಗೆ ಬೇಕಾದ ಮುಂದಿನ ಸಂಸ್ಕಾರ ಅದಕ್ಕೆ ಆಗಿರುವುದಿಲ್ಲ. ಪೈಪ್ ತಂಬಾಕಿನ ಎಲೆಯನ್ನು ದಂಟು ತೆಗೆದು, ತೇವ ಕೊಟ್ಟು, ಆವಿಯಲ್ಲಿ ಬೇಯಿಸಿಯೋ ಬೇಯಿಸದೆಯೋ ದಿನಗಟ್ಟಲೆ ಯಂತ್ರದಲ್ಲಿ ಒತ್ತಿ ಇಟ್ಟಿಗೆಯಂತೆ ಗಟ್ಟಿ ಮಾಡುತ್ತಾರೆ. ಆ ಇಟ್ಟಿಗೆಯನ್ನು ತೆಳ್ಳಗೆ ಕೊಯ್ದರೆ ಫ್ಲೇಕ್, ಕೊಯ್ದು ಉದುರಿಸಿದರೆ ರೆಡಿ ರಬ್ಡ್. ಒತ್ತಡದಲ್ಲಿ ಎಲೆಯ ರಸ ಪದರದಿಂದ ಪದರಕ್ಕೆ ಇಳಿದು, ಸಕ್ಕರೆ ಕಪ್ಪಾಗಿ, ಒರಟುತನ ಕರಗುತ್ತದೆ. ಹುಣಸೂರಿನ ಸೊಪ್ಪಿಗೆ ಈ ಕೆಲಸವನ್ನು ಇಲ್ಲಿಯೇ ಮಾಡುವವರು ಯಾರಾದರೂ ಮುಂದೆ ಬಂದರೆ ಮೊದಲ ಗಿರಾಕಿ ನಾನಾಗುತ್ತೇನೆ.

ಈಗ ಡಬ್ಬಿಗಳ ವಿಷಯ. ಮೊದಲ ಸ್ಥಾನವನ್ನು ಸಂಕೋಚವಿಲ್ಲದೆ ಸ್ಯಾಮ್ಯುಯೆಲ್ ಗೇವಿತ್ ಅವರ ಫುಲ್ ವರ್ಜೀನಿಯಾ ಫ್ಲೇಕ್‌ಗೆ ಕೊಡುತ್ತೇನೆ. ಇಂಗ್ಲೆಂಡಿನ ಕೆಂಡಲ್ ಎಂಬ ಸಣ್ಣ ಊರಿನಲ್ಲಿ 1792ರಲ್ಲಿ ಶುರುವಾದ ಮನೆತನದ ಉದ್ಯಮ ಇದು, ನಶ್ಯಕ್ಕೂ ಹೆಸರುವಾಸಿ. ಡಬ್ಬಿ ತೆರೆದರೆ ಕಡುಕಂದು ಬಣ್ಣದ ಉದ್ದನೆಯ ಪಟ್ಟಿಗಳು ಒಂದರ ಮೇಲೊಂದು ಅಂಟಿಕೊಂಡು ಮಡಚಿರುತ್ತವೆ, ಬೆರಳಿಟ್ಟರೆ ತಣ್ಣಗೆ ಒದ್ದೆ. ಹಾಗೆಯೇ ತುಂಬಿ ಬೆಂಕಿ ಕೊಟ್ಟರೆ ಹೊತ್ತುವುದಿಲ್ಲ. ಹೊತ್ತಿದರೂ ಆವಿ ನಾಲಿಗೆಯ ತುದಿಯನ್ನು ಸುಡುತ್ತದೆ. ಇದನ್ನು ಒಣಗಿಸುವುದೇ ಅರ್ಧ ಕೆಲಸ. ಒಂದು ಪಟ್ಟಿಯನ್ನು ಬಿಡಿಸಿ, ಎರಡೂ ಅಂಗೈಗಳ ನಡುವೆ ಹಗುರವಾಗಿ ಉಜ್ಜಿ ಎಳೆ ಎಳೆ ಮಾಡಿ, ಸ್ಟೀಲ್ ತಟ್ಟೆಯ ಮೇಲೆ ಹರಡಬೇಕು. ಮಾರ್ಚ್ ತಿಂಗಳಲ್ಲಿ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅದು ಹದಕ್ಕೆ ಬಂದಿರುತ್ತದೆ. ಜುಲೈ ತಿಂಗಳಲ್ಲಿ ರಾತ್ರಿ ಹರಡಿಟ್ಟದ್ದು ಬೆಳಿಗ್ಗೆಯೂ ಮೆತ್ತಗೇ ಇರುತ್ತದೆ; ಆಗ ಫ್ಯಾನಿನ ಗಾಳಿ ಬೇಕು. ಹದ ಬಂದಿದೆಯೇ ಎಂದು ತಿಳಿಯಲು ಒಂದು ಚಿಟಿಕೆಯನ್ನು ಹಿಸುಕಿ ಬಿಟ್ಟು ನೋಡಬೇಕು. ಮುದ್ದೆಯಾಗಿಯೇ ಉಳಿದರೆ ಇನ್ನೂ ಹಸಿ, ಪುಡಿಯಾದರೆ ಅತಿಯಾಯಿತು, ನಿಧಾನವಾಗಿ ಬಿಚ್ಚಿಕೊಂಡರೆ ಸರಿ.

ತುಂಬುವಾಗ ಪೈಪಿನ ಬೌಲಿನ, ಅಂದರೆ ತಂಬಾಕು ಹಿಡಿಯುವ ಬಟ್ಟಲಿನ, ತಳಕ್ಕೆ ಸಡಿಲವಾಗಿ ಉದುರಿಸಿ, ಮೇಲಕ್ಕೆ ಬಂದಂತೆ ಸ್ವಲ್ಪ ಬಿಗಿ ಮಾಡಬೇಕು. ಬೆಂಕಿಯಿಲ್ಲದೆ ಒಮ್ಮೆ ಎಳೆದು ನೋಡಿದರೆ ಗಾಳಿ ಸಲೀಸಾಗಿ, ಆದರೆ ತೀರ ಪೊಳ್ಳಾಗಿ ಅಲ್ಲದಂತೆ ಬರಬೇಕು. ಮೊದಲ ಕಡ್ಡಿಗೆ ತಂಬಾಕು ಎದ್ದು ಬಾಯಿ ಬಿಡುತ್ತದೆ. ಅದನ್ನು ಟ್ಯಾಂಪರ್ ಎಂಬ ಒತ್ತುಕಡ್ಡಿಯಿಂದ ಮೆಲ್ಲಗೆ ಒತ್ತಿ ಎರಡನೆಯ ಕಡ್ಡಿ ಹಚ್ಚಬೇಕು. ನಂತರ ಅವಸರ ಮಾಡದಿದ್ದವರಿಗೆ ಈ ತಂಬಾಕು ಒಲಿಯುತ್ತದೆ. ಮೊದಲ ಭಾಗದಲ್ಲಿ ಒಣಹುಲ್ಲಿನ ನಸುಸಿಹಿ, ಆಮೇಲೆ ದ್ರಾಕ್ಷಿ, ಅರ್ಧ ಬೌಲು ಮುಗಿದ ಮೇಲೆ ಮಂಡ್ಯದ ಕಡೆಯ ಆಲೆಮನೆಯ ಕೊಪ್ಪರಿಗೆಯಲ್ಲಿ ಪಾಕ ಗಟ್ಟಿಯಾಗುವ ಹೊತ್ತಿಗೆ ಏಳುವಂಥ ದಟ್ಟ ವಾಸನೆ. ಇದಕ್ಕೆ ಹೊರಗಿನಿಂದ ಬೆರೆಸಿದ ಸುವಾಸನೆ ಕಾರಣವಲ್ಲ. ಬ್ಯಾರನ್ನಿನಲ್ಲಿ ಹುಟ್ಟಿದ ಸಕ್ಕರೆಯೇ ಒತ್ತಡದಲ್ಲಿ ಮಾಗಿ ಈ ರೂಪಕ್ಕೆ ಬಂದಿರುತ್ತದೆ. ಸಕ್ಕರೆ ಹೆಚ್ಚಿರುವ ಎಲೆಯಾದ್ದರಿಂದ ಜೋರಾಗಿ ಎಳೆದರೆ ಕಾವು ಹೆಚ್ಚಿ ನಾಲಿಗೆ ಉರಿಯುತ್ತದೆ. ಫೋನಿನಲ್ಲಿ ಮಾತನಾಡುತ್ತ, ಪತ್ರಿಕೆಯ ಸಂಪಾದಕೀಯಕ್ಕೆ ಸಿಟ್ಟಾಗುತ್ತ ಸೇದುವ ತಂಬಾಕು ಇದಲ್ಲ. ಆರಿ ಹೋಗುವಷ್ಟು ನಿಧಾನವೇ ಇದರ ಸರಿಯಾದ ವೇಗ. ಆರಿದರೆ ಇನ್ನೊಂದು ಕಡ್ಡಿ ಗೀರಿದರಾಯಿತು.

ಅಷ್ಟು ವ್ಯವಧಾನವಿಲ್ಲದವರಿಗೆ ಕ್ಯಾಪ್ಸ್ಟನ್ ಸೂಕ್ತ. ಈ ಹೆಸರನ್ನು ನಮ್ಮಲ್ಲಿ ಹಳೆಯ ತಲೆಮಾರಿನವರು ಸಿಗರೇಟಿನಿಂದ ಬಲ್ಲರು; ಪೈಪ್ ತಂಬಾಕಾಗಿ ಅದು ಬ್ರಿಸ್ಟಲ್‌ನ ವಿಲ್ಸ್ ಕಂಪನಿಯ ಹಳೆಯ ಮಾಲು, ಈಚಿನ ಡಬ್ಬಿಗಳು ಡೆನ್ಮಾರ್ಕಿನ ಮ್ಯಾಕ್ ಬ್ಯಾರೆನ್ ತಯಾರಿಸಿದವು. ಆ ಕಂಪನಿ 2024ರಲ್ಲಿ ಸ್ಕ್ಯಾಂಡಿನೇವಿಯನ್ ಟೊಬ್ಯಾಕೊ ಗ್ರೂಪಿನ ಕೈ ಸೇರಿತು. ನೀಲಿ ಡಬ್ಬಿಯದು ಖಾರ ಹೆಚ್ಚು, ಹೊಂಬಣ್ಣದ್ದು ಸೌಮ್ಯ. ಎರಡೂ ಡಬ್ಬಿಯಿಂದ ತೆಗೆದ ಕೂಡಲೇ ಬಹುಮಟ್ಟಿಗೆ ತುಂಬಲು ಸಿದ್ಧವಾಗಿರುತ್ತವೆ, ಮಳೆಗಾಲದಲ್ಲೂ ಹೆಚ್ಚು ಕಾಡುವುದಿಲ್ಲ. ಕೆಂಡಲಿನ ಫ್ಲೇಕಿನ ಆಳ ಇದರಲ್ಲಿಲ್ಲ, ನಿಜ. ಆದರೆ ಫಿಲ್ಟರ್ ಕಾಫಿಯ ಕಹಿ ಇನ್ನೂ ನಾಲಿಗೆಯ ಮೇಲಿರುವಾಗ ಹೊಂಬಣ್ಣದ ಡಬ್ಬಿಯ ತಿಳಿಸಿಹಿ ಹೊಗೆ ಬಹಳ ಚೆನ್ನಾಗಿ ಕೂಡಿಬರುತ್ತದೆ. ಬೆಳಗಿನ ಒಂದು ಸಣ್ಣ ಬೌಲಿಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ನಮ್ಮ ಪೇಟೆಯಲ್ಲಿ ಸುಲಭವಾಗಿ ಕೈಗೆ ಸಿಗುವುದು ಮಾತ್ರ ಈ ಎರಡೂ ಅಲ್ಲ. ವೆನಿಲಾ, ಚೆರ್ರಿ, ವಿಸ್ಕಿ, ಚಾಕೊಲೇಟ್ ಎಂದು ಬರೆದ ಸುವಾಸನೆಯ ಪೊಟ್ಟಣಗಳೇ ಅಂಗಡಿಯ ಗಾಜಿನ ಹಿಂದೆ ಸಾಲಾಗಿರುತ್ತವೆ. ಕ್ಯಾಪ್ಟನ್ ಬ್ಲ್ಯಾಕ್ ಈ ಬಗೆಯ ಎಲ್ಲರಿಗೂ ಪರಿಚಿತವಾದ ಹೆಸರು. ಇವುಗಳಿಗೆ ಆಧಾರ ಕ್ಯಾವೆಂಡಿಷ್, ಅಂದರೆ ಆವಿ ಮತ್ತು ಒತ್ತಡಗಳಿಂದ ಮೆತ್ತಗೆ, ಹಲವು ಬಾರಿ ಕಪ್ಪಗೆ ಮಾಡಿದ ಎಲೆ. ಅದಕ್ಕೆ ತನ್ನದೆಂಬ ರುಚಿ ಕಡಿಮೆ, ಹೊರಗಿನ ರುಚಿಯನ್ನು ಹೀರಿಕೊಳ್ಳುವ ಶಕ್ತಿ ಹೆಚ್ಚು. ತೇವ ಆರದಿರಲೆಂದು ಪ್ರೊಪಿಲೀನ್ ಗ್ಲೈಕಾಲ್ ಸೇರಿಸುವ ರೂಢಿಯೂ ಈ ವರ್ಗದಲ್ಲಿದೆ. ಹಾಗೆ ಸೇರಿಸಿದ ತಂಬಾಕು ತಟ್ಟೆಯಲ್ಲಿ ಎಷ್ಟು ಹೊತ್ತು ಹರಡಿಟ್ಟರೂ ಪೂರ್ತಿ ಒಣಗುವುದಿಲ್ಲ. ಪರಿಣಾಮವಾಗಿ ಬೌಲಿನ ಕೊನೆಯ ಭಾಗದಲ್ಲಿ ನೀರು ಗೊರಗುಟ್ಟುತ್ತದೆ, ಬಾಯಿಗೆ ಬರುವುದು ಬಿಸಿ ಆವಿ. ಪೊಟ್ಟಣ ಬಿಚ್ಚಿದಾಗ ಮೂಗಿಗೆ ಸಿಕ್ಕಿದ ವೆನಿಲಾ ನಾಲಿಗೆಗೆ ಸಿಕ್ಕುವುದು ಅದರ ನೆರಳಿನಷ್ಟು ಮಾತ್ರ.

ಆದರೂ ಇವುಗಳನ್ನು ತಳ್ಳಿಹಾಕುವಂತಿಲ್ಲ. ಪೈಪ್ ಸೇದುವವನು ಒಬ್ಬ, ಅದರ ಹೊಗೆಯೊಡನೆ ಬಾಳುವವರು ನಾಲ್ವರು. ನಮ್ಮ ಮನೆಯಲ್ಲಿ ಈ ವಿಚಾರದ ಅಂತಿಮ ತೀರ್ಪು ಬರುವುದು ಅಡುಗೆಮನೆಯಿಂದ. ವೆನಿಲಾ ಪೊಟ್ಟಣ ಬಿಚ್ಚಿದ ದಿನ ಬಂದ ಮಾತು: "ಇದಾದ್ರೆ ಪರವಾಗಿಲ್ಲ ಕಣ್ರೀ, ಆ ಕರೀ ಡಬ್ಬೀದು ಮಾತ್ರ ಒಳಗೆ ತರ್ಬೇಡಿ." ಹಾಗೆಂದು ಸುವಾಸನೆ ಒಳ್ಳೆಯದಿದ್ದರೆ ಹೊಗೆಯೂ ಒಳ್ಳೆಯದು ಎಂದೇನಲ್ಲ, ಮಕ್ಕಳು ಮತ್ತು ವಯಸ್ಸಾದವರು ಇರುವ ಮನೆಯಲ್ಲಿ ಯಾವ ತಂಬಾಕೂ ಒಳಕೋಣೆಗೆ ಬರಬಾರದು. ಒಂದು ಎಚ್ಚರಿಕೆ ಏನೆಂದರೆ, ಇವುಗಳಿಗೆ ಬೇರೆಯ ಪೈಪನ್ನೇ ಮೀಸಲಿಡಬೇಕು. ಬ್ರಯರ್ ಮರದ ಬೌಲಿಗೆ ಚೆರ್ರಿಯ ವಾಸನೆ ಒಮ್ಮೆ ಹಿಡಿದರೆ, ಅದರಲ್ಲಿ ಆಮೇಲೆ ತುಂಬಿದ ಶುದ್ಧ ವರ್ಜೀನಿಯಾಕ್ಕೂ ವಾರಗಟ್ಟಲೆ ಅದೇ ವಾಸನೆ ಅಂಟಿಕೊಳ್ಳುತ್ತದೆ.

ದಿನಬಳಕೆಯಲ್ಲಿ ವರ್ಜೀನಿಯಾಕ್ಕೆ ಸರಿಸಾಟಿಯಾಗಿ ನಿಲ್ಲಬಲ್ಲದ್ದು ಬರ್ಲಿ ಎಂಬ ಇನ್ನೊಂದು ಬಗೆಯ ಎಲೆ. ಇದನ್ನು ಶಾಖ ಕೊಟ್ಟು ಒಣಗಿಸುವುದಿಲ್ಲ. ನೆರಳಿನಲ್ಲಿ, ಗಾಳಿಯಾಡುವ ಕೊಟ್ಟಿಗೆಯಲ್ಲಿ ವಾರಗಟ್ಟಲೆ ತೂಗುಹಾಕುತ್ತಾರೆ. ಅಷ್ಟು ಹೊತ್ತಿಗೆ ಎಲೆಯ ಸಕ್ಕರೆಯೆಲ್ಲ ಸವೆದು ಹೋಗಿರುತ್ತದೆ. ಆದ್ದರಿಂದ ಸಿಹಿಯಿಲ್ಲ, ಬದಲಾಗಿ ಹುರಿದ ಕಡಲೆಕಾಯಿ ಮತ್ತು ಕೋಕೋದ ಕಡೆಗೆ ವಾಲುವ ಒಣರುಚಿ. ಅಮೆರಿಕದ ಪ್ರಿನ್ಸ್ ಆಲ್ಬರ್ಟ್ 1907ರಿಂದ ಇರುವ ಇಂಥದೊಂದು ಮಿಶ್ರಣ. ನಮ್ಮ ಸರಸ್ವತೀಪುರಂ, ಕುವೆಂಪುನಗರಗಳ ಎಷ್ಟೋ ಮನೆಗಳ ಮಕ್ಕಳು ಆ ದೇಶದಲ್ಲಿ ಇರುವುದರಿಂದ, ರಜೆಗೆ ಬರುವವರ ಸೂಟ್‌ಕೇಸಿನಲ್ಲಿ ಬಾದಾಮಿ ಮತ್ತು ವಿಟಮಿನ್ ಮಾತ್ರೆಗಳ ನಡುವೆ ಇದರ ಪೊಟ್ಟಣವೂ ಬರುತ್ತದೆ. ಬರ್ಲಿಯ ದೊಡ್ಡ ಗುಣ ಸಹನೆ. ಗಮನವಿಟ್ಟು ಸೇದಿದರೂ, ಗಿಡಕ್ಕೆ ನೀರು ಹಾಕುತ್ತ ಸೇದಿದರೂ ಒಂದೇ ಸಮನೆ ಉರಿಯುತ್ತದೆ, ಬಿಳಿ ಬೂದಿಯಾಗಿ ಮುಗಿಯುತ್ತದೆ. ರುಚಿಯಲ್ಲಿ ಏರಿಳಿತವಿಲ್ಲದಿರುವುದೇ ಅದರ ಕೊರತೆಯೂ ಹೌದು. ಮೊದಲ ಐದು ನಿಮಿಷದಲ್ಲಿ ಏನಿತ್ತೋ ಕೊನೆಯವರೆಗೂ ಅದೇ. ಕೆಲವು ಬರ್ಲಿಗಳಲ್ಲಿ ನಿಕೋಟಿನ್ ಬಲವಾಗಿರುತ್ತದೆ. ಖಾಲಿ ಹೊಟ್ಟೆಯಲ್ಲಿ ಸೇದಿದರೆ ಬಿಕ್ಕಳಿಕೆ ಮತ್ತು ತಲೆಸುತ್ತು ಬರುವುದು ಖಚಿತ. ಮಧ್ಯಾಹ್ನದ ಅನ್ನ, ಸಾರು, ಮಜ್ಜಿಗೆ ಮುಗಿದ ಮೇಲೆಯೇ ಇದರ ಸಮಯ.

ಅಡುಗೆಮನೆಯ ತೀರ್ಪಿನಲ್ಲಿ ಬಂದ ಕರಿ ಡಬ್ಬಿಯ ತಂಬಾಕಿನಲ್ಲಿರುವುದು ಲಟಾಕಿಯಾ. ಸಿರಿಯಾದ ಬಂದರಿನ ಹೆಸರನ್ನು ಹೊತ್ತ ಈ ಎಲೆ ಈಗ ಹೆಚ್ಚಾಗಿ ಬರುವುದು ಸೈಪ್ರಸ್‌ನಿಂದ. ಓರಿಯೆಂಟಲ್ ಜಾತಿಯ ಸಣ್ಣ ಎಲೆಗಳನ್ನು ಪರಿಮಳದ ಕಟ್ಟಿಗೆ, ಪೊದೆಗಳ ಹೊಗೆಯಲ್ಲಿ ತಿಂಗಳುಗಟ್ಟಲೆ ಹದ ಮಾಡುತ್ತಾರೆ. ಹುಣಸೂರಿನ ಬ್ಯಾರನ್ನಿನಲ್ಲಿ ಹೊಗೆ ಎಲೆಯನ್ನು ಮುಟ್ಟಬಾರದು. ಇಲ್ಲಿ ಹೊಗೆಯೇ ಎಲೆಗೆ ಆಹಾರ. ಎಲೆ ಕಾಡಿಗೆಯಷ್ಟು ಕಪ್ಪಾಗಿ, ಚರ್ಮ, ಸುಟ್ಟ ಕಟ್ಟಿಗೆ ಮತ್ತು ಧೂಪಗಳ ವಾಸನೆಯನ್ನು ತುಂಬಿಕೊಂಡಿರುತ್ತದೆ. ಇದನ್ನೇ ಪೂರ್ತಿ ತುಂಬಿ ಸೇದುವವರಿಲ್ಲ. ವರ್ಜೀನಿಯಾದ ಸಿಹಿ, ಓರಿಯೆಂಟಲ್ ಎಲೆಯ ನಸುಹುಳಿ, ಲಟಾಕಿಯಾದ ಹೊಗೆ, ಇವುಗಳ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡಿ ಹೊಂದಿಸಿದ್ದಕ್ಕೆ ಇಂಗ್ಲಿಷ್ ಮಿಶ್ರಣ ಎಂದು ಹೆಸರು. ಲಂಡನ್ನಿನ ಡ್ಯೂಕ್ ಬೀದಿಯಲ್ಲಿ 1907ರಲ್ಲಿ ಅಂಗಡಿ ತೆರೆದ ಆಲ್‌ಫ್ರೆಡ್ ಡನ್‌ಹಿಲ್ ಗಿರಾಕಿಗಳ ಅಭಿರುಚಿಗೆ ತಕ್ಕಂತೆ ಬೆರೆಸಿಕೊಟ್ಟು, ಆ ಲೆಕ್ಕವನ್ನು ಸಂಖ್ಯೆ ಹಾಕಿ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಮೈ ಮಿಕ್ಸ್ಚರ್ 965ರ ಹೆಸರು ಆ ಪದ್ಧತಿಯ ಕುರುಹು. ಆ ಮಿಶ್ರಣಗಳು ಈಗ ಪೀಟರ್ಸನ್ ಎಂಬ ಹೆಸರಿನ ಡಬ್ಬಿಯಲ್ಲಿ ಬರುತ್ತವೆ.

ಅವುಗಳಲ್ಲಿ ಅರ್ಲಿ ಮಾರ್ನಿಂಗ್ ಪೈಪ್ ಮತ್ತು ನೈಟ್‌ಕ್ಯಾಪ್ ಎರಡನ್ನೂ ನಮ್ಮ ಹವೆಯಲ್ಲಿ ಹೋಲಿಸಿ ನೋಡಬೇಕಾದದ್ದೇ. ಮೊದಲನೆಯದರಲ್ಲಿ ಲಟಾಕಿಯಾ ಹಿತಮಿತವಾಗಿದ್ದು ಓರಿಯೆಂಟಲ್ ಎಲೆಯ ಹುಳಿ ಮುಂದಾಗಿ ಬರುತ್ತದೆ. ಹೆಸರು ಬೆಳಗಿನದಾದರೂ ನನಗೆ ಇದು ಸಂಜೆ ಐದರ ತಂಬಾಕು. ಎರಡನೆಯದು ಭಾರ. ಲಟಾಕಿಯಾದ ಜೊತೆಗೆ ಪೆರಿಕ್ ಎಂಬ ಹುದುಗಿಸಿದ ಎಲೆ ಕೂಡ ಇರುವುದರಿಂದ ನಿಕೋಟಿನ್ ಏರುತ್ತದೆ. ಏಪ್ರಿಲ್‌ನಲ್ಲಿ, ಗೋಡೆಯೇ ಬಿಸಿಯುಸಿರು ಬಿಡುವ ಸಂಜೆಗಳಲ್ಲಿ ನೈಟ್‌ಕ್ಯಾಪ್ ಸೇದಿದರೆ ಉಸಿರು ಕಟ್ಟಿದ ಹಾಗಾಗುತ್ತದೆ, ಬಾಯಿ ಒಣಗುತ್ತದೆ. ಅದೇ ಡಬ್ಬಿ ಆಷಾಢದಲ್ಲಿ, ಕೊಡಗಿನ ಕಡೆಯಿಂದ ತಣ್ಣಗಾಳಿ ಬೀಸಿ ಜಿಟಿಜಿಟಿ ಮಳೆ ಹಿಡಿದಾಗ, ಬೇರೆಯದೇ ಪದಾರ್ಥವಾಗುತ್ತದೆ. ತೇವದ ಗಾಳಿಯಲ್ಲಿ ಹೊಗೆ ಚೆದುರದೆ ಮೂಗಿನ ಬಳಿಯೇ ನಿಲ್ಲುತ್ತದೆ, ಅದರ ಮರದ ವಾಸನೆ ಪದರಪದರವಾಗಿ ತಿಳಿಯುತ್ತದೆ. ಅಂಥ ಸಂಜೆಯೊಂದರಲ್ಲಿ ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಹಿರಿಯರು ಕೂಗಿ ಕೇಳಿದ್ದರು: "ಏನ್ ಸ್ವಾಮಿ, ಹಂಡೆ ಒಲೆಗೆ ಸೌದೆ ಹಾಕಿದ್ದೀರಾ? ಗೀಸರ್ ಕೆಟ್ಟೋಯ್ತಾ?" ಇಂಗ್ಲಿಷ್ ಮಿಶ್ರಣದ ಹೊಗೆ ಪಕ್ಕದವರನ್ನು ಹೇಗೆ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ವಿವರಣೆ ಬೇಡ. ಇದನ್ನು ಸೇದುವಾಗ ತೊಟ್ಟ ಅಂಗಿಯನ್ನು ಆಮೇಲೆ ಬೀರುವಿನಲ್ಲಿ ಇಡಬಾರದು, ಒಗೆಯಲು ಹಾಕಬೇಕು.

ಪೆರಿಕ್ ಬಗ್ಗೆ ಎರಡು ಮಾತು ಸಾಕು. ಅಮೆರಿಕದ ಲೂಸಿಯಾನಾದ ಸೇಂಟ್ ಜೇಮ್ಸ್ ಪ್ರಾಂತದಲ್ಲಿ ಎಲೆಯನ್ನು ಪೀಪಾಯಿಗಳಲ್ಲಿ ತುಂಬಿ, ಅದರದೇ ರಸದಲ್ಲಿ, ಭಾರಿ ಒತ್ತಡದಡಿ ವರ್ಷಕಾಲ ಹುದುಗಿಸುತ್ತಾರೆ. ಮೆಣಸು ಮತ್ತು ಮಾಗಿದ ಹಣ್ಣಿನ ರುಚಿ ಅದರದು. ವರ್ಜೀನಿಯಾದೊಂದಿಗೆ ಸೇರಿಸಿ ಬಿಲ್ಲೆಗಳಾಗಿ ಕೊಯ್ದ ಎಸ್ಕುಡೊ ಇದಕ್ಕೆ ಪ್ರಸಿದ್ಧ. ದುಬಾರಿ, ಸೊಗಸು, ಹಬ್ಬದ ಊಟದ ಮರುದಿನಕ್ಕೆ ಸರಿ, ದಿನನಿತ್ಯಕ್ಕೆ ಬೇಡ.

ಪೈಪಿನ ಮಾತಿಗೆ ಬಂದರೆ, ಹೊಸ ಮಿಶ್ರಣಗಳನ್ನು ರುಚಿ ನೋಡಲು ಬ್ರಯರ್‌ಗಿಂತ ಜೋಳದ ದಿಂಡಿನ ಪೈಪ್ ಉತ್ತಮ. ಅಮೆರಿಕದ ಮಿಸ್ಸೌರಿ ರಾಜ್ಯದ ವಾಷಿಂಗ್ಟನ್ ಎಂಬ ಊರಿನಲ್ಲಿ 1869ರಿಂದ ಇವನ್ನು ಮಾಡುತ್ತಿದ್ದಾರೆ. ಅಗ್ಗ, ಹಗುರ, ಹಳೆಯ ವಾಸನೆಯನ್ನು ಬ್ರಯರ್‌ನಷ್ಟು ಹಿಡಿದಿಟ್ಟುಕೊಳ್ಳುವುದಿಲ್ಲ, ತೇವವನ್ನು ತಾನೇ ಹೀರುತ್ತದೆ. ಮಳೆಗಾಲದಲ್ಲಿ ಈ ಕೊನೆಯ ಗುಣ ಬಹಳ ಉಪಕಾರಿ. ನೋಡಲು ಮಾತ್ರ ಗತ್ತಿಲ್ಲ. ಪೈಪ್ ಎಂದರೆ ಹಳೆಯ ಸಿನಿಮಾಗಳಲ್ಲಿ ರೇಷ್ಮೆ ಗೌನು ತೊಟ್ಟು ಮಹಡಿ ಮೆಟ್ಟಿಲಿಳಿಯುವ ಸಾಹುಕಾರ ತಂದೆಯ ಕೈಯ ವಸ್ತು ಎಂದು ನಂಬಿರುವವರಿಗೆ ದಿಂಡಿನ ಪೈಪ್ ನಿರಾಸೆ ಮಾಡಬಹುದು. ಯಾವ ಪೈಪಾದರೂ ಸೇದಿದ ಕೂಡಲೇ ಕ್ಲೀನರ್ ಕಡ್ಡಿ ತೂರಿಸಿ, ಒಂದು ದಿನ ವಿಶ್ರಾಂತಿ ಕೊಟ್ಟರೆ ಹುಳಿವಾಸನೆ ಹತ್ತುವುದಿಲ್ಲ.

ಕಾಪಿಡುವ ಕ್ರಮದಲ್ಲಿ ಮೈಸೂರಿನವರು ವಿಶೇಷ ಎಚ್ಚರ ವಹಿಸಬೇಕು. ತೆರೆದ ಡಬ್ಬಿಯ ತಗಡಿನ ಮುಚ್ಚಳ ಗಾಳಿಯನ್ನು ತಡೆಯುವುದಿಲ್ಲ. ರಬ್ಬರ್ ಬಳೆಯಿರುವ ಮುಚ್ಚಳದ ಸಣ್ಣ ಗಾಜಿನ ಬಾಟಲಿಗಳಿಗೆ, ಬಿಸಿಲು ಬೀಳದ ಬೀರುವಿಗೆ ವರ್ಗಾಯಿಸಬೇಕು. ಬಾಟಲಿಯನ್ನು ತೊಳೆದು ಬಿಸಿಲಿನಲ್ಲಿ ಪೂರ್ತಿ ಒಣಗಿಸಿರಬೇಕು, ಹಿಂದೆ ಅದರಲ್ಲಿ ಉಪ್ಪಿನಕಾಯಿ ಇದ್ದಿರಬಾರದು. ಒಣಗಿದ ತಂಬಾಕಿಗೆ ತೇವ ಬರಲೆಂದು ಸೇಬಿನ ಹೋಳು ಹಾಕುವ ಸಲಹೆಯನ್ನು ಕೆಲವರು ಕೊಡುತ್ತಾರೆ. ನಮ್ಮ ಹವೆಯಲ್ಲಿ ಅದು ಬೂಷ್ಟಿಗೆ ಕೊಟ್ಟ ಆಹ್ವಾನ. ಬಟ್ಟಲಿನಲ್ಲಿ ಹರಡಿ, ಮೇಲೆ ಒದ್ದೆ ಬಟ್ಟೆಯನ್ನು ತಾಗದಂತೆ ಮುಚ್ಚಿ ಒಂದೆರಡು ಗಂಟೆ ಬಿಟ್ಟರೆ ಸಾಕು. ಹಳೆಯ ವರ್ಜೀನಿಯಾದ ಮೇಲೆ ಸಣ್ಣ ಹರಳುಗಳು ಮಿನುಗುವುದುಂಟು, ಅದು ದೋಷವಲ್ಲ. ಹತ್ತಿಯ ನೂಲಿನಂತೆ ಎದ್ದು, ಮುಗ್ಗಲು ವಾಸನೆ ಬಂದರೆ ಅದು ಬೂಷ್ಟು. ಬಾಟಲಿಯ ಸಮೇತ ಎಸೆಯಬೇಕು. ಮುಚ್ಚಿದ ಬಾಟಲಿಯಲ್ಲಿ ವರ್ಜೀನಿಯಾ ವರ್ಷದಿಂದ ವರ್ಷಕ್ಕೆ ಮಾಗುತ್ತದೆ, ಲಟಾಕಿಯಾದ ಘಾಟು ಮೆಲ್ಲಗೆ ಇಳಿಯುತ್ತದೆ, ಸುವಾಸನೆಯ ಪೊಟ್ಟಣಗಳಿಗೆ ಮಾತ್ರ ವಯಸ್ಸಿನಿಂದ ಲಾಭವಿಲ್ಲ.

ಬೆಲೆ ಕಡಿಮೆಯೇನಲ್ಲ. ಆಮದಾದ 50 ಗ್ರಾಮಿನ ಡಬ್ಬಿ ಸಾವಿರ ರೂಪಾಯಿಯೊಳಗೆ ಸಿಗುವುದು ಅಪರೂಪ. ಮಧ್ಯಮ ಗಾತ್ರದ ಬೌಲಿಗೆ ಎರಡೂವರೆ ಗ್ರಾಂ ಹಿಡಿದರೆ ಒಂದು ಡಬ್ಬಿಗೆ 20 ಬೌಲು. ವಾರಕ್ಕೆ ಎರಡು ಮೂರು ಬೌಲಿನವರಿಗೆ ಒಂದು ಡಬ್ಬಿ ಎರಡು ತಿಂಗಳು ಬರುತ್ತದೆ, ಆರೋಗ್ಯದ ದೃಷ್ಟಿಯಿಂದಲೂ ಅದಕ್ಕಿಂತ ಹೆಚ್ಚು ಬೇಡ. ಕೊಳ್ಳುವಾಗ ಡಬ್ಬಿಯ ಮೇಲೆ ನಮ್ಮ ಕಾನೂನಿನಂತೆ ಶೇಕಡ 85 ಭಾಗದಷ್ಟು ಎಚ್ಚರಿಕೆಯ ಚಿತ್ರ, ಆಮದುದಾರರ ಹೆಸರು, ಗರಿಷ್ಠ ಮಾರಾಟ ಬೆಲೆ ಇವೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಅದು ಕಳ್ಳದಾರಿಯ ಮಾಲು, ಎಷ್ಟು ವರ್ಷ ಎಲ್ಲಿ ಕೊಳೆಯುತ್ತಿತ್ತೋ ಹೇಳಲಾಗದು. ಪೇಟೆಯ ಅಂಗಡಿಯೊಂದರಲ್ಲಿ "ಫ್ರೆಶ್ ಸ್ಟಾಕು ಸಾರ್, ಮೊನ್ನೆ ಬಂದಿದ್ದು" ಎಂದು ಕೊಟ್ಟ ಪೊಟ್ಟಣದೊಳಗೆ ತಂಬಾಕು ಚಹಾಪುಡಿಯ ಹಾಗೆ ಸದ್ದು ಮಾಡುತ್ತಿತ್ತು. ಅಂಗಡಿಯಲ್ಲಿಯೇ ಪೊಟ್ಟಣವನ್ನು ಹಿಸುಕಿ ನೋಡಿ, ಮೆತ್ತಗಿದ್ದರೆ ಮಾತ್ರ ಹಣ ಕೊಡುವುದು ಕ್ಷೇಮ.

ಡಬ್ಬಿಗಳ ತಳದಲ್ಲಿ ಉಳಿದ ಚೂರುಪಾರುಗಳನ್ನು ಎಸೆಯಬಾರದು. ಎರಡು ಪಾಲು ಉದುರಿಸಿದ ವರ್ಜೀನಿಯಾ ಫ್ಲೇಕ್, ಒಂದು ಪಾಲು ಬರ್ಲಿ ಸೇರಿಸಿ ಬಾಟಲಿಯಲ್ಲಿ ಒಂದು ತಿಂಗಳು ಮುಚ್ಚಿಟ್ಟರೆ, ಒಂದರ ಸಿಹಿಗೆ ಇನ್ನೊಂದರ ಒಣರುಚಿ ಕಡಿವಾಣ ಹಾಕಿ, ಬೇಸಿಗೆಯಲ್ಲಿಯೂ ನಾಲಿಗೆ ಸುಡದ ಮಿಶ್ರಣ ದೊರೆಯುತ್ತದೆ. ಮಳೆಗಾಲ ಹತ್ತಿರವಾದಾಗ ಇದಕ್ಕೆ ಒಂದು ಚಿಟಿಕೆ ಲಟಾಕಿಯಾ ಸೇರಿಸಬಹುದು, ಎರಡನೆಯ ಚಿಟಿಕೆ ಬೇಡ. ಸುವಾಸನೆಯ ಪೊಟ್ಟಣದ ಉಳಿಕೆಯನ್ನು ಮಾತ್ರ ಈ ಬಾಟಲಿಗೆ ಬೆರೆಸಬಾರದು; ಒಂದು ಚಮಚ ಚೆರ್ರಿ ಇಡೀ ಬಾಟಲಿಯನ್ನು ತನ್ನ ವಾಸನೆಗೆ ಎಳೆದುಕೊಂಡುಬಿಡುತ್ತದೆ.